ನಮಸ್ಕಾರ ಅಂದರೆ ಫೋನ್ ಇಡುವ ಮನೆ

ಮಧ್ಯಾಹ್ನದ ಊಟ ಮುಗಿದು, ಬೀದಿಯ ಸದ್ದಡಗಿ, ಬೈಂಡಿಂಗ್ ಕೋಣೆಯ ಕಿಟಕಿಯಿಂದ ಬಿಸಿಲು ಒಳಗೆ ಬಂದು ರಟ್ಟಿನ ರಾಶಿಯ ಮೇಲೆ ಉದ್ದಕ್ಕೆ ಮಲಗುವ ಹೊತ್ತಿಗೆ ಸರಿಯಾಗಿ ಆ ಮನೆಯ ಫೋನು ಏಳುತ್ತಿತ್ತು. ನಡುಮನೆಯ ಬಾಗಿಲ ಪಕ್ಕದ ಗೂಡಿನಲ್ಲಿ ಕೂತ ಹಳೆಯ ತಂತಿ ಫೋನು ಅದು. ಒಂದು ಕಾಲಕ್ಕೆ ಬೆಳ್ಳಗಿತ್ತು, ಈಗ ಹಳೇ ಹಲ್ಲಿನ ಬಣ್ಣಕ್ಕೆ ತಿರುಗಿತ್ತು. ಸೂಜಿಗೆ ದಾರ ಪೋಣಿಸುವಾಗ ಸುಮ್ಮನಿರುತ್ತಿತ್ತು, ರಟ್ಟು ಕತ್ತರಿಸುವಾಗಲೂ ಸುಮ್ಮನಿರುತ್ತಿತ್ತು. ಪುಸ್ತಕದ ಬೆನ್ನಿಗೆ ಅಂಟು ಬಳಿದು ಇನ್ನೇನು ಬಟ್ಟೆ ಕೂರಿಸಬೇಕು ಅನ್ನುವಾಗಲೇ ಬಡಿದುಕೊಳ್ಳುತ್ತಿತ್ತು. ಹೀಗಾಗಿ ರಿಸೀವರಿನ ಹಿಡಿಯ ಮೇಲೆ ತಂಗಿಯ ಅಂಟುಬೆರಳಿನ ಗುರುತುಗಳು ವರ್ಷಗಟ್ಟಲೆಯಿಂದ ಪದರ ಪದರವಾಗಿ ಒಣಗಿ ಕೂತಿದ್ದವು.

ತಂಗಿ ಅಂದರೆ ಎಳೆಯವಳೇನಲ್ಲ, ತಲೆ ಮುಕ್ಕಾಲು ಬೆಳ್ಳಗಾಗಿದೆ. ಬೀದಿಯವರು ಬೈಂಡಿಂಗ್ ಅಮ್ಮ ಅನ್ನುತ್ತಾರೆ. ಗಂಡ ‘ಇವಳೇ’ ಅನ್ನುತ್ತಾನೆ. ಆದರೆ ಅವಳು ಮನಸ್ಸಿನಲ್ಲಿ ಇವತ್ತಿಗೂ ಅಕ್ಕನ ತಂಗಿಯೇ, ಮಿಕ್ಕದ್ದೆಲ್ಲ ಆಮೇಲೆ ಬಂದದ್ದು. ಆದ್ದರಿಂದ ನಾವೂ ತಂಗಿ ಎಂದೇ ಅನ್ನೋಣ, ಅವಳೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಫೋನ್ ಮಾಡುವವರಲ್ಲಿ ಎಷ್ಟೊಂದು ಬಗೆ. ಒಬ್ಬ, ನಿಮ್ಮ ಬ್ಯಾಂಕ್ ಕಾರ್ಡು ಸಂಜೆಯೊಳಗೆ ನಿಂತುಹೋಗುತ್ತದೆ ಎಂದು ಜೀವ ಹಿಂಡುವನು. ಒಬ್ಬಳು, ನಿಮಗೆ ಕಾರು ಬಹುಮಾನ ಬಂದಿದೆ ಎಂದು ಬೆಣ್ಣೆ ಹಚ್ಚುವಳು. ಮನೆಯಲ್ಲಿ ಇಲ್ಲವೇ ಇಲ್ಲದ ಕಂಪ್ಯೂಟರಿಗೆ ವೈರಸ್ ಹತ್ತಿದೆ ಎಂದು ಇನ್ನೊಬ್ಬ ತುಂಬಾ ಕನಿಕರಪಡುವನು. ಯಾರೋ ಕಳಿಸದ ಪಾರ್ಸೆಲ್ ಎಲ್ಲೋ ಸಿಕ್ಕಿಹಾಕಿಕೊಂಡಿರುತ್ತದೆ, ಅದನ್ನು ಬಿಡಿಸಲು ಇವಳ ಗುಟ್ಟಿನ ಅಂಕಿಗಳು ಬೇಕಾಗಿರುತ್ತವೆ. ಕಂಡವರ ಕಿವಿಗೆ ಹೂವಿಡುವುದನ್ನೇ ಕಸುಬು ಮಾಡಿಕೊಂಡ ಈ ಜನರಿಗೆ ಅದು ಹೇಗೋ ಈ ಮನೆಯ ನಂಬರು ಸಿಕ್ಕಿತ್ತು, ಕೈ ತೊಳೆದುಕೊಂಡು ಬೆನ್ನು ಹತ್ತಿದ್ದರು.

ಬೀದಿಯ ಕೊನೆಯಲ್ಲಿ ಬೀಗ ರಿಪೇರಿ ಅಂಗಡಿ ಇಟ್ಟಿದ್ದ ಗಂಡನಿಗೆ ಇದರಿಂದ ತಲೆಚಿಟ್ಟು ಹಿಡಿದುಹೋಗಿತ್ತು.

“ಊರಿನ ಬಾಗಿಲನ್ನೆಲ್ಲ ಭದ್ರ ಮಾಡಿಕೊಡೋನು ನಾನು. ನನ್ನ ಮನೆಗೇ ಕಂಡಕಂಡೋರು ಮಧ್ಯಾಹ್ನ ಮಧ್ಯಾಹ್ನ ನುಗ್ತಾರೆ. ಮೊಬೈಲ್ ಇದೆಯಲ್ಲ ಇಬ್ಬರ ಹತ್ರಾನೂ? ಆ ಡಬ್ಬಾನ ತೆಗೆಸಿ ಬಿಸಾಕು ಅಂತ ಎಷ್ಟು ಸಲ ಹೇಳಿದೀನಿ.”

“ಅಕ್ಕ ಫೋನ್ ಮಾಡಿದ್ರೆ?” ಎಂದು ತಂಗಿ ಕೇಳುತ್ತಿದ್ದಳು.

ಅಲ್ಲಿಗೆ ಮಾತು ಮುಗಿಯುತ್ತಿತ್ತು. ಗಂಡ ಬಾಯಿಬಡುಕನೇ ಹೊರತು ಕಲ್ಲೆದೆಯವನಲ್ಲ.

ಅಕ್ಕ ಊರಿನ ಆಚೆ ತುದಿಯಲ್ಲಿ, ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿದ್ದಳು. ಒಂಟಿ ಜೀವ. ಮರೆವು ಮೆಲ್ಲಗೆ ಶುರುವಾಗಿ ಆಮೇಲೆ ಓಡತೊಡಗಿತು. ಒಲೆ ಹಚ್ಚಿ ಮರೆತಳು, ಬೀದಿ ಮರೆತಳು, ತನ್ನ ಕೋಣೆಯಲ್ಲೇ ಬಾಗಿಲು ಎಲ್ಲಿದೆ ಎಂದು ಹುಡುಕಿದಳು. ತಂಗಿ ನೋಡಲು ಹೋದರೆ ಎದ್ದು ನಿಂತು, “ಯಾರನ್ನ ನೋಡೋಕೆ ಬಂದ್ರಿ?” ಎಂದು ಮರ್ಯಾದೆಯಿಂದ ಕೇಳುವಳು. ತಂಗಿಯ ನೆನಪು ಅವಳಲ್ಲಿ ಎಳೆಯ ಹುಡುಗಿಯಾಗಿಯೇ ನಿಂತುಬಿಟ್ಟಿತ್ತು, ಎದುರಿಗೆ ನಿಂತ ನರೆಗೂದಲಿನ ಹೆಂಗಸಿಗೂ ಅದಕ್ಕೂ ಅವಳು ಸಂಬಂಧ ಹಚ್ಚಲಾರಳು.

ಆದರೆ ಫೋನಿನಲ್ಲಿ ಮುಖ ಕಾಣುವುದಿಲ್ಲವಲ್ಲ. ಆ ಮನೆಯ ಆಫೀಸಿನಿಂದಲೋ, ಅಡುಗೆಯವರ ಕೈಯಿಂದ ಇಸಿದುಕೊಂಡೋ, ಯಾರನ್ನೋ ನೋಡಲು ಬಂದವರನ್ನು ಕಾಡಿಬೇಡಿಯೋ ಅಕ್ಕ ಇದ್ದಕ್ಕಿದ್ದಂತೆ ಫೋನ್ ಹಚ್ಚುವಳು. ಪ್ರಪಂಚದ ಎಲ್ಲ ನಂಬರುಗಳೂ ತಲೆಯಿಂದ ಜಾರಿಹೋಗಿ ಈ ಒಂದೇ ಒಂದು ನಂಬರು ಅವಳ ಬೆರಳುಗಳಲ್ಲಿ ಉಳಿದಿತ್ತು. ಇತ್ತ ತಂಗಿ ರಿಸೀವರ್ ಎತ್ತಿದರೆ ಸಾಕು, “ಏನೇ ಮೂಗಿ, ಜಡೆ ಹಾಕ್ಕೊಂಡ್ಯಾ?” ಎಂದು ಶುರು. ಚಿಕ್ಕಂದಿನಲ್ಲಿ ಮಾತೇ ಆಡದೆ ಮೂಲೆಯಲ್ಲಿ ಕೂರುತ್ತಿದ್ದ ತಂಗಿಗೆ ಅಕ್ಕ ಇಟ್ಟ ಹೆಸರದು, ಹಾಗೆ ಕರೆಯುವವರು ಈಗ ಅವಳೊಬ್ಬಳೇ. ಅಮ್ಮ ಬೈದಳಾ, ಬೆಕ್ಕು ಮರಿ ಹಾಕಿತಾ, ನನ್ನ ಹಸಿರು ರಿಬ್ಬನ್ ಮುಟ್ಟಬೇಡ ಎಂದು ಮಾತು ಸಾಗುತ್ತಿತ್ತು. ತಂಗಿ ಅಂಟಿನ ಕೈಯಲ್ಲೇ ಗೋಡೆಗೊರಗಿ, ಕಣ್ಣು ಮುಚ್ಚಿ, ಹೂಂ ಅಕ್ಕ, ಇಲ್ಲ ಅಕ್ಕ ಅನ್ನುತ್ತಿದ್ದಳು. ಅಷ್ಟು ಹೊತ್ತು ಬೆಕ್ಕು ಬದುಕಿರುತ್ತಿತ್ತು, ಅಮ್ಮ ಹಿತ್ತಿಲಲ್ಲಿ ಬಟ್ಟೆ ಹರವುತ್ತಿರುತ್ತಿದ್ದಳು. ಅಕ್ಕ ಅಕ್ಕನಾಗಿ ಇನ್ನೂ ಉಳಿದಿದ್ದದ್ದು ಆ ತಂತಿಯಲ್ಲಿ ಮಾತ್ರ. ಅದನ್ನು ಹೇಗೆ ತೆಗೆಸುವುದು?

ತೆಗೆಸದಿದ್ದರೆ ಇನ್ನೇನು ಮಾಡುವುದು ಎಂದು ಗಂಡ ಎರಡು ದಿನ ಬೀಗಗಳ ನಡುವೆ ಕೂತು ಯೋಚಿಸಿದ. ಒಂದು ಸಂಜೆ ಅಂಗಡಿ ಮುಚ್ಚಿ ಬಂದವನೇ ಚಪ್ಪಲಿಯನ್ನೂ ಬಿಡದೆ ಹೇಳಿದ.

“ಕೇಳು ಇಲ್ಲಿ. ನಮ್ಮೋರಾದ್ರೆ ಫೋನ್ ಎತ್ತಿದ ತಕ್ಷಣ ಏನಂತಾರೆ? ಏನೇ, ಏನ್ರೀ, ಎಲ್ಲಿದೀಯಾ, ಊಟ ಆಯ್ತಾ. ನಮಸ್ಕಾರ ಅಂತ ಯಾರಾದ್ರೂ ಅಂತಾರಾ? ಈ ಟೋಪಿ ಹಾಕೋರು ನೋಡು, ಒಬ್ಬೊಬ್ಬರೂ ನಮಸ್ಕಾರದಿಂದಾನೇ ಶುರು. ನಮಸ್ಕಾರ ಅಂತ ಕಿವಿಗೆ ಬಿತ್ತೋ, ಇಟ್ಟುಬಿಡು. ಮುಂದಿನ ಮಾತು ಕೇಳಲೇಬೇಡ.”

ಬುದ್ಧಿವಂತ, ಒಪ್ಪಬೇಕಾದ್ದೇ. ತಂಗಿಗೂ ಇದು ಹಿಡಿಸಿತು, ಏಕೆಂದರೆ ಇದರಲ್ಲಿ ಮಾತಾಡುವ ಕಷ್ಟವಿರಲಿಲ್ಲ. ಮರುದಿನದಿಂದಲೇ ಶುರುಮಾಡಿದಳು. ಫೋನು ಬಡಿದುಕೊಂಡಿತು, ಎತ್ತಿದಳು, “ನಮ” ಅನ್ನುವಷ್ಟರಲ್ಲಿ ಇಟ್ಟಳು. ಒಂದು ವಾರದಲ್ಲಿ ಕೈ ಎಷ್ಟು ಪಳಗಿತೆಂದರೆ ಎತ್ತುವುದೂ ಇಡುವುದೂ ಒಂದೇ ಕೆಲಸವಾಗಿಹೋಯಿತು. ಬೆನ್ನಿಗೆ ಬಳಿದ ಅಂಟು ಆರುವಷ್ಟರಲ್ಲಿ ವಾಪಸು ಬಂದು ಬಟ್ಟೆ ಕೂರಿಸುತ್ತಿದ್ದಳು. ಇದಕ್ಕೆ ಬೆಲೆ ತೆರದೆ ಇರಲಿಲ್ಲ. ಲೈಬ್ರರಿಯವರು ಒಂದು ದಿನ ಹರಿದ ಪುಸ್ತಕಗಳ ಗಂಟು ಹೊತ್ತು ಉಸ್ಸೆಂದು ತಾವೇ ಬಂದರು. “ಮೂರು ಸಲ ಫೋನ್ ಮಾಡಿ ಮೂರು ಸಲ ನಮಸ್ಕಾರ ಅಂದೆ ಕಣಮ್ಮ. ಮೂರು ಸಲಾನೂ ಮುಖದ ಮೇಲೆ ಬಾಗಿಲು ಹಾಕಿದ್ರಿ. ನಾನೇನು ತಪ್ಪು ಮಾಡಿದೆ?” ಎಂದರು. ಗಂಡ ಅವತ್ತು ರಾತ್ರಿ ಅನ್ನ ಕಲೆಸುತ್ತಾ ಬಿದ್ದು ಬಿದ್ದು ನಕ್ಕ, ತಂಗಿಯೂ ನಕ್ಕಳು. ಆಹಾ, ಎಂಥ ಉಪಾಯ ಎಂದು ಇಬ್ಬರಿಗೂ ಒಳಗೊಳಗೇ ಜಂಭ.

ಮನೆ ಶಾಂತವಾಯಿತು. ಮಧ್ಯಾಹ್ನಗಳು ಅಗಲವಾದವು. ಬಿಸಿಲು ತನ್ನ ಪಾಡಿಗೆ ರಟ್ಟಿನಿಂದ ನೆಲಕ್ಕೆ, ನೆಲದಿಂದ ಅವಳ ಕಾಲಬೆರಳಿಗೆ ಇಳಿದು ಬರುತ್ತಿತ್ತು, ಕಾಗದದ ಧೂಳು ಅದರಲ್ಲಿ ಏಳುತ್ತ ಬೀಳುತ್ತ ಇರುತ್ತಿತ್ತು. ಯಾರೋ ಎಂದೋ ಓದಿ ಮಡಿಚಿಟ್ಟ ಹಾಳೆಗಳನ್ನು ಹೊಲಿಯುತ್ತಾ ತಂಗಿ ಅರೆನಿದ್ದೆಯಲ್ಲಿ ತೇಲುವಳು. ಆ ಸುಖದಲ್ಲಿ ಒಂದು ಸಂಗತಿ ಅವಳಿಗೆ ತಡವಾಗಿ ಹೊಳೆಯಿತು: ಅಕ್ಕ ಫೋನ್ ಮಾಡಿ ಬಹಳ ದಿನವಾಯಿತು.

ಮೊದಮೊದಲು ಸಮಾಧಾನ ಹೇಳಿಕೊಂಡಳು, ಮೈ ಸರಿಯಿಲ್ಲವೇನೋ, ಕೈಗೆ ಫೋನು ಸಿಗಲಿಲ್ಲವೇನೋ. ಆಮೇಲೆ ಹೆದರಿದಳು. ಆ ಒಂದು ನಂಬರೂ ಹೋಗಿಬಿಟ್ಟಿತೇ? ತಾನೇ ಮಾಡೋಣವೆಂದರೆ ಅಕ್ಕ ಹೊರಗಿನಿಂದ ಕರೆ ಬಂದ ಫೋನನ್ನು ಮುಟ್ಟುತ್ತಿರಲಿಲ್ಲ, ಹಿಂದೆ ಎಷ್ಟೋ ಸಲ ಪ್ರಯತ್ನಿಸಿ ಸೋತಿದ್ದಾಯಿತು. ಬೆಳಿಗ್ಗೆಯೇ ಎದ್ದು ಬಸ್ ಹತ್ತಿ ಊರಿನ ಆಚೆ ತುದಿಗೆ ಹೋದಳು.

ಅಕ್ಕ ವರಾಂಡದ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಸೀರೆಯ ನೆರಿಗೆ ಒಪ್ಪವಾಗಿತ್ತು, ಕೈಗಳು ಮಡಿಲಲ್ಲಿದ್ದವು. ಅವಳನ್ನು ನೋಡಿಕೊಳ್ಳುವ ದಾದಿ ತಂಗಿಯನ್ನು ಪಕ್ಕಕ್ಕೆ ಕರೆದಳು.

“ಮೈ ಚೆನ್ನಾಗೇ ಇದೆ ಅಮ್ಮ. ಮನಸ್ಸೇ ಸರಿ ಇಲ್ಲ. ನಿಮ್ಮಕ್ಕ ಮೊದಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇದ್ರಂತಲ್ಲ? ಈಚೆಗೆ ಅದೇ ನೆನಪು ಜಾಸ್ತಿ. ಮಧ್ಯಾಹ್ನ ಆದ್ರೆ ತಲೆ ಬಾಚ್ಕೊಂಡು ಆಫೀಸ್ ರೂಮಿಗೆ ಬಂದುಬಿಡೋರು. ಡ್ಯೂಟಿ ಇದೆ, ಸ್ವಲ್ಪ ಜಾಗ ಬಿಡಿ ಅನ್ನೋರು. ಪಾಪ ಅಂತ ನಾವೂ ಫೋನ್ ಕೊಡ್ತಿದ್ವಿ. ಒಂದೇ ನಂಬರ್ ಒತ್ತೋರು. ನಮಸ್ಕಾರ, ದಯವಿಟ್ಟು ಲೈನಿನಲ್ಲಿರಿ, ಅಂತ ಎಷ್ಟು ಚಂದ ಹೇಳ್ತಿದ್ರು ಗೊತ್ತಾ? ಆದ್ರೆ ಆ ಕಡೆಯಿಂದ ಇಟ್ಟುಬಿಡ್ತಿದ್ರು. ದಿನಾ ಹಾಗೇ. ಪಾರ್ಟಿ ಸಿಗ್ತಾ ಇಲ್ಲ, ಪಾರ್ಟಿ ಸಿಗ್ತಾ ಇಲ್ಲ ಅಂತ ಪೇಚಾಡೋರು. ಈಗ ಬರೋದೇ ಬಿಟ್ಟಿದಾರೆ. ಆ ಲೈನ್ ಸತ್ತುಹೋಗಿದೆ ಅಂತಾರೆ.”

ಆ ಒಂದೇ ನಂಬರು ಯಾವುದೆಂದು ತಂಗಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅಕ್ಕ ಎಕ್ಸ್‌ಚೇಂಜಿನಲ್ಲಿ ಜೀವಮಾನವೆಲ್ಲ ದುಡಿದಿದ್ದಳು, ಕಿವಿಗೆ ಹೆಡ್‌ಫೋನು ಹಾಕಿ, ಎದುರಿನ ಹಲಗೆಯ ತೂತುಗಳಿಗೆ ಒಂದೊಂದೇ ತಂತಿ ಚುಚ್ಚಿ ಆ ಊರನ್ನು ಈ ಊರಿಗೆ ಸೇರಿಸುವ ಕೆಲಸ. ಆದರೆ ಅವಳ ಡ್ಯೂಟಿಯ ದನಿಯನ್ನು ಮನೆಯವರು ಯಾರೂ ಒಂದು ದಿನವೂ ಕೇಳಿದ್ದಿಲ್ಲ. ಡ್ಯೂಟಿಯ ಹೊತ್ತಿನಲ್ಲಿ ಮನೆಯವರೊಡನೆ ಮಾತಾಡಬಾರದು, ಮನೆಯ ಕರೆ ತೆಗೆದುಕೊಳ್ಳಬಾರದು, ಪಾರ್ಟಿಗಳ, ಅಂದರೆ ಲೈನಿನ ಎರಡು ತುದಿಯವರ, ಜೊತೆ ಒಂದು ಮಾತೂ ಹೆಚ್ಚಿಗೆ ಆಡಬಾರದು ಎಂಬುದು ಅಲ್ಲಿಯ ಕಟ್ಟುನಿಟ್ಟು, ಅಕ್ಕನೋ ಕಟ್ಟುನಿಟ್ಟಿಗೆ ಇನ್ನೊಂದು ಹೆಸರು. ದನಿಯನ್ನು ಇಸ್ತ್ರಿ ಮಾಡಿ ಅಲ್ಲೇ ಬಿಟ್ಟು, ಮನೆಗೆ ಬಂದು ಏನೇ ಮೂಗಿ ಅನ್ನುತ್ತಿದ್ದಳು. ಆ ಇಸ್ತ್ರಿಯ ದನಿ ಈಗ ಮನೆಗೆ ಬಂದು ಬಂದು ತಟ್ಟಿದೆ, ತಂಗಿ ಬಂದ ಬಂದ ಹಾಗೆ ಬಾಗಿಲು ಹಾಕಿದ್ದಾಳೆ. ಎಷ್ಟು ಸಲ ಎಂದು ಎಣಿಸಲೂ ಅವಳಿಗೆ ಧೈರ್ಯವಾಗಲಿಲ್ಲ. ತನ್ನ ಕೈಯ ಚುರುಕಿನ ಬಗ್ಗೆ ತಾನೇ ಜಂಭಪಟ್ಟದ್ದು ನೆನಪಾಗಿ ಆ ಕೈಯನ್ನೇ ಕತ್ತರಿಸಿ ಹಾಕಬೇಕು ಅನ್ನಿಸಿತು.

ಹೋಗಿ ಅಕ್ಕನ ಎದುರು ಮಂಡಿಯೂರಿ ಕೂತಳು.

“ಯಾರನ್ನ ನೋಡೋಕೆ ಬಂದ್ರಿ?” ಅಕ್ಕ ಕೇಳಿದಳು.

ನಿನ್ನನ್ನೇ ಅಕ್ಕ, ನಾನೇ, ಮೂಗಿ ಎಂದು ಹೇಳಲು ಬಾಯಿಗೆ ಬಂತು. ಹಿಂದೆಲ್ಲ ಹೇಳಿದ್ದಳು, ಹೇಳಿದಾಗೆಲ್ಲ ಅಕ್ಕನ ಮುಖದಲ್ಲಿ ಗಾಬರಿ ಮೂಡಿತ್ತು. ತಂಗಿ ನುಂಗಿಕೊಂಡಳು. ಬೇರೆಯೇ ಮಾತಾಡಿದಳು.

“ಲೈನ್ ಡಿಪಾರ್ಟ್‌ಮೆಂಟಿಂದ ಬಂದಿದೀನಿ ಮೇಡಂ. ಆ ಲೈನ್ ಕೆಟ್ಟಿತ್ತಲ್ಲ, ರಿಪೇರಿ ಆಗಿದೆ. ಹೇಳಿ ಹೋಗೋಣ ಅಂತ ಬಂದೆ.”

ಅಕ್ಕನ ಬೆನ್ನು ಇನ್ನೂ ನೆಟ್ಟಗಾಯಿತು. ಕನ್ನಡಕದ ಮೇಲಿನಿಂದ ಒಂದು ನೋಟ ಬಿಟ್ಟಳು, ಕೈಕೆಳಗಿನವರನ್ನು ನೋಡುವ ನೋಟ.

“ಇಷ್ಟು ದಿನ ಬೇಕೇನ್ರಿ ಒಂದು ಲೈನ್ ಸರಿ ಮಾಡೋಕೆ? ಎಷ್ಟು ಸಲ ಕಂಪ್ಲೇಂಟ್ ಕೊಡೋದು? ಅಲ್ಲಿ ನನ್ನ ತಂಗಿ ಒಬ್ಬಳೇ ಇರ್ತಾಳೆ. ಮಾತು ಬೇರೆ ಕಮ್ಮಿ ಅವಳಿಗೆ. ಏನಾದ್ರೂ ಆದ್ರೆ ಬಾಯಿ ಬಿಟ್ಟು ಹೇಳೋಳಲ್ಲ.”

“ತಪ್ಪಾಯ್ತು ಮೇಡಂ,” ಎಂದಳು ತಂಗಿ. ಅಷ್ಟೇ ಹೇಳಲಾದದ್ದು. “ಇನ್ಮೇಲೆ ಆಗಲ್ಲ. ಒಂದು ಸಲ ನೋಡಿ ಮೇಡಂ, ಸರಿಯಾಗಿದೆ.”

“ನೋಡೋಣ. ಈಗ ಡ್ಯೂಟಿ ಇಲ್ಲ.”

ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ತಂಗಿ ಊರಿನ ಈ ತುದಿಯವರೆಗೂ ಅತ್ತಳು. ಪಕ್ಕದಲ್ಲಿ ಕೂತಿದ್ದವರು ಏನೂ ಕೇಳದೆ ಸ್ವಲ್ಪ ಸರಿದು ಜಾಗ ಕೊಟ್ಟರು.

ಅವತ್ತಿನಿಂದ ಆ ಮನೆಯಲ್ಲಿ ಫೋನಿನ ಕಾಯಿದೆ ತಿರುಗುಮುರುಗಾಯಿತು. ಯಾರೇ ಮಾಡಲಿ, ನಮಸ್ಕಾರ ಎಂದರೂ ಸರಿ, ಏನೆಂದರೂ ಸರಿ, ತಂಗಿ ತಾನಾಗಿ ಇಡುವುದಿಲ್ಲ. ಆ ಕಡೆಯವರು ಇಡುವ ತನಕ ಕೇಳುತ್ತಾಳೆ. ಅಕ್ಕನ ದನಿ ಯಾವ ದನಿಯ ಒಳಗಿನಿಂದ ಬರುತ್ತದೋ ಯಾರಿಗೆ ಗೊತ್ತು? ಅವಳಿಗಂತೂ ಗೊತ್ತಿರಲಿಲ್ಲ, ಗೊತ್ತಿಲ್ಲವೆಂಬುದೇ ಅವಳಿಗೀಗ ಖಾತ್ರಿಯಾಗಿದ್ದ ಸಂಗತಿ.

“ನಿನಗೆ ಮಂಕುಬೂದಿ ಎರಚಿ ಇದ್ದದ್ದನ್ನೆಲ್ಲ ಬಾಚ್ಕೊಂಡು ಹೋಗ್ತಾರೆ, ನೋಡ್ತಾ ಇರು,” ಎಂದ ಗಂಡ. ಆದರೆ ಜೋರಿಲ್ಲದ ದನಿಯಲ್ಲಿ ಹೇಳಿದ, ಆ ಕಾಯಿದೆ ತಂದವನು ತಾನೇ ಎಂಬುದು ಅವನನ್ನೂ ಕೊರೆಯುತ್ತಿತ್ತು.

“ನಾನು ಏನೂ ಹೇಳಲ್ಲ ರೀ. ಬರೀ ಕೇಳ್ತೀನಿ.”

ಹೇಳದೆ ಕೇಳುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ರಿಸೀವರನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿ, ಹೊಲಿಗೆಯ ಚೌಕಟ್ಟನ್ನು ಗೂಡಿನ ಪಕ್ಕಕ್ಕೇ ತಂದಿಟ್ಟುಕೊಂಡು, ದಾರ ಎಳೆಯುತ್ತಾ ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದಳು. ಕೇಳುತ್ತ ಕೇಳುತ್ತ ಆ ಮಾತುಗಳ ಹಿಂದಿನ ಕೋಣೆಗಳು ಅವಳಿಗೆ ಕಾಣತೊಡಗಿದವು. ಕಾರ್ಡು ಸಾಯುತ್ತದೆ ಅನ್ನುವವನ ತಲೆಯ ಮೇಲೆ ಒಂದು ಫ್ಯಾನು ಕಿರುಗುಟ್ಟುತ್ತಿತ್ತು. ಬಹುಮಾನ ಕೊಡುವವಳ ಪಕ್ಕದಲ್ಲಿ ಯಾರೋ ಬಿಡದೆ ಕೆಮ್ಮುತ್ತಿದ್ದರು. ಇನ್ನೂ ಆಚೆ, ಇನ್ನೂ ಮೆತ್ತಗೆ, ನೂರಾರು ಜನ ಒಟ್ಟಿಗೆ ನಮಸ್ಕಾರ ಅನ್ನುತ್ತಿರುವ ಗುಜುಗುಜು. ಬಿಸಿಲಿನ ಧೂಳಿನಂತೆ ಅದು ಎದ್ದು ಬಿದ್ದು ಮಾಡುತ್ತಿತ್ತು. ಅದರ ನಡುವೆ ಎಲ್ಲೋ ಅಕ್ಕ ತನ್ನ ಹಲಗೆಯ ಎದುರು ಕೂತು ತಂತಿ ಹಿಡಿದು ಸರಿಯಾದ ತೂತು ಹುಡುಕುತ್ತಿದ್ದಾಳೆ ಎಂದು ತಂಗಿಗೆ ಅನ್ನಿಸುತ್ತಿತ್ತು. ಎಚ್ಚರವೋ ಕನಸೋ ಎಂದು ಅವಳೇ ವಿಚಾರಿಸಲು ಹೋಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಪಾರ್ಸೆಲ್ಲಿನ ಹುಡುಗಿ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದಳು. ಹೆದರಿಸಿದಳು, ಪುಸಲಾಯಿಸಿದಳು, ಕೊನೆಗೆ ಸುಸ್ತಾದಳು.

“ಅಮ್ಮ, ಇದೀರಾ?”

“ಇದೀನಿ. ಹೇಳಮ್ಮ.”

“ನೀವು ನಂಬರೂ ಹೇಳ್ತಿಲ್ಲ, ಬೈತಾನೂ ಇಲ್ಲ, ಇಡ್ತಾನೂ ಇಲ್ಲ. ಯಾಕೆ?”

“ನಮ್ಮಕ್ಕ ಫೋನ್ ಮಾಡೋದಿದೆ. ಯಾರು ಮಾಡಿದ್ರೂ ಇಡಬಾರದು ಅಂತಿದೀನಿ.”

“ಹಾಗಾದ್ರೆ ನಾನೇ ಇಡ್ತೀನಿ ಅಮ್ಮ. ಲೈನ್ ಖಾಲಿ ಇರ್ಲಿ,” ಎಂದು ಹುಡುಗಿ ಇಟ್ಟಳು. ಆ ದನಿ ಮತ್ತೆ ಬರಲಿಲ್ಲ. ಮಿಕ್ಕವರು ಬರುತ್ತಲೇ ಇದ್ದರು, ಎಲ್ಲರಿಗೂ ಅಷ್ಟು ಒಳ್ಳೆಯತನ ಎಲ್ಲಿಂದ ಬರಬೇಕು.

ದಿನಗಳು ಹೀಗೇ ಕಳೆದವು. ಲೈಬ್ರರಿಯವರ ಗಂಟಿನ ಪುಸ್ತಕಗಳೆಲ್ಲ ಹೊಲಿದಾದವು, ಬೆನ್ನು ಕಟ್ಟಿದ್ದಾಯಿತು, ಒತ್ತಿ ಹಿಡಿಯುವ ಪ್ರೆಸ್ಸಿನ ಕೆಳಗೆ ಕೂತವು. ದಾದಿಗೆ ಫೋನ್ ಮಾಡಿ ಕೇಳಿದರೆ, ಇನ್ನೂ ಆಫೀಸಿನ ಕಡೆ ಬಂದಿಲ್ಲ ಅಮ್ಮ ಅನ್ನುತ್ತಿದ್ದಳು. ತಂಗಿಗೆ ಆಸೆ ತೆಳ್ಳಗಾಗುತ್ತ ಬಂತು. ಗಂಡ ಡಬ್ಬಾ ಅನ್ನುವುದನ್ನು ಬಿಟ್ಟಿದ್ದ. ಹೋಗುತ್ತ ಬರುತ್ತ ರಿಸೀವರ್ ಸರಿಯಾಗಿ ಕೂತಿದೆಯೇ ಎಂದು ಮುಟ್ಟಿ ನೋಡುತ್ತಿದ್ದ.

ಮೋಡ ಮುಚ್ಚಿದ ಒಂದು ಮಧ್ಯಾಹ್ನ ಫೋನು ಬಡಿದುಕೊಂಡಿತು. ತಂಗಿ ಎತ್ತಿದಳು.

“ನಮಸ್ಕಾರ. ದಯವಿಟ್ಟು ಲೈನಿನಲ್ಲಿರಿ.”

ಒಂದು ಸುಕ್ಕಿಲ್ಲದ ದನಿ. ಯಾರದೂ ಅಲ್ಲದ, ಯಾರದಾದರೂ ಆಗಬಹುದಾದ ದನಿ. ತಂಗಿ ಸೂಜಿಯನ್ನು ಕೆಳಗಿಟ್ಟಳು.

“ಇದೀನಿ,” ಎಂದಳು.

“ಯಾರು ಬೇಕಾಗಿತ್ತು?”

ಅಕ್ಕ ಎಂದು ಕೂಗಬೇಕು ಅನ್ನಿಸಿತು. ಕೂಗಿದರೆ ಎಲ್ಲ ಹೋಯಿತು. ಪಾರ್ಟಿಗಳೊಡನೆ ಒಂದು ಮಾತೂ ಹೆಚ್ಚಿಗೆ ಆಡದ ಆಪರೇಟರ್ ಇವಳು. ಮಾತಾಡಿಸಿದರೆ ಇಡುತ್ತಾಳೆ, ಕೇಳಿದವರನ್ನು ಸೇರಿಸಿಕೊಡುವುದಷ್ಟೇ ಅವಳ ಕೆಲಸ. ಹಾಗಾದರೆ ಅದನ್ನೇ ಕೇಳಬೇಕು.

“ನಮ್ಮಕ್ಕ ಬೇಕಾಗಿತ್ತು,” ಎಂದಳು ತಂಗಿ.

“ನಂಬರ್?”

“ನಂಬರ್ ಗೊತ್ತಿಲ್ಲ. ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡ್ತಾಳೆ.”

“ಸಿಬ್ಬಂದಿಗೆ ಡ್ಯೂಟಿ ಸಮಯದಲ್ಲಿ ಸ್ವಂತ ಕರೆ ಕೊಡುವಂತಿಲ್ಲ.”

“ಡ್ಯೂಟಿ ಮುಗಿಯೋವರೆಗೂ ಕಾಯ್ತೀನಿ.”

“ತುಂಬಾ ಹೊತ್ತಾಗುತ್ತೆ.”

“ಆಗ್ಲಿ. ನಾನು ಇಡಲ್ಲ.”

ತಂಗಿ ಗೋಡೆಗೊರಗಿದಳು. ಒಲೆಯ ಪಕ್ಕದಲ್ಲಿ ಅಂಟಿನ ಪಾತ್ರೆ ಕೆನೆಗಟ್ಟಿತು. ಬೀದಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು. ಊಟಕ್ಕೆಂದು ತಡವಾಗಿ ಬಂದ ಗಂಡ ಬಾಗಿಲಲ್ಲೇ ನಿಂತ, ಅವಳ ಮುಖ ನೋಡಿ ಅರ್ಥ ಮಾಡಿಕೊಂಡು, ಕೀಲಿಗೊಂಚಲು ಸದ್ದಾಗದಂತೆ ಮುಷ್ಟಿಯಲ್ಲಿ ಹಿಡಿದು ಹೊಸ್ತಿಲ ಮೇಲೆ ಕೂತುಕೊಂಡ. ತಂತಿಯ ಆ ತುದಿಯಲ್ಲಿ ಏನೋ ಸರಸರ ಅಂದಿತು, ಕುರ್ಚಿ ಸರಿಯಿತು, ಯಾರೋ ಒಂದು ದಿನದ ಕೆಲಸ ಮುಗಿಸಿ ಎದ್ದಂತೆ ಉದ್ದನೆಯ ನಿಟ್ಟುಸಿರು ಬಂತು.

“ಏನೇ ಮೂಗಿ,” ಎಂದಳು ಅಕ್ಕ. “ಆಗಿಂದ ಕಾಯ್ತಾ ಇದೀಯಂತೆ?”

ತಂಗಿ ಕಣ್ಣೊರೆಸಿಕೊಂಡಳು, ಕೆನ್ನೆಗೆಲ್ಲ ಅಂಟು ಮೆತ್ತಿತು.

“ಇಲ್ಲ ಅಕ್ಕ,” ಎಂದಳು. “ಈಗ ತಾನೆ ಬಂದೆ.”